ಪ್ರಯೋಗಾಲಯದಿಂದ ನಿವೃತ್ತರಾದ ಚಿಂಪಾಂಜಿಗಳು

ಮಕ್ಕಳೇ, ನಿಮ್ಮ ಶಾಲೆಯ ಶಿಕ್ಷಕರೊಬ್ಬರು ನಿವೃತ್ತರಾದ ದಿನ ನಿಮಗೆ ನೆನಪಿದೆಯೇ? ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಅವರನ್ನು ಬೀಳ್ಕೊಡುತ್ತೇವೆ. ಇಷ್ಟು ವರ್ಷ ದುಡಿದವರು ಇನ್ನು ನೆಮ್ಮದಿಯಾಗಿರಲಿ ಎಂದು ಹಾರೈಸುತ್ತೇವೆ. ಪ್ರಾಣಿಗಳಿಗೂ ನಿವೃತ್ತಿ ಇದೆಯೇ? ಇದೆ! ಮನುಷ್ಯರ ಸಂಶೋಧನೆಗೆ ಬಳಕೆಯಾದ ನೂರಾರು ಚಿಂಪಾಂಜಿಗಳಿಗೆ ಅಮೆರಿಕದಲ್ಲಿ ನಿವೃತ್ತಿ ಸಿಕ್ಕಿದೆ. ಆ ಕಥೆಯನ್ನು ಈಗ ತಿಳಿಯೋಣ.

ನಮ್ಮ ಹತ್ತಿರದ ನೆಂಟರು

ಚಿಂಪಾಂಜಿ ಎಂದರೆ ಕೋತಿಯಲ್ಲ. ಕೋತಿಗೆ ಬಾಲವಿದೆ, ಚಿಂಪಾಂಜಿಗೆ ಇಲ್ಲ. ಗೊರಿಲ್ಲ ಮತ್ತು ಒರಾಂಗುಟಾನ್‌ಗಳಂತೆ ಇದು ದೊಡ್ಡ ವಾನರಗಳ ಗುಂಪಿಗೆ ಸೇರಿದ ಪ್ರಾಣಿ. ಆಫ್ರಿಕಾದ ಕಾಡುಗಳು ಇದರ ತವರು. ನಮ್ಮ ಮತ್ತು ಚಿಂಪಾಂಜಿಯ ಡಿಎನ್‌ಎಯನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಶೇಕಡ 98ಕ್ಕಿಂತ ಹೆಚ್ಚು ಭಾಗ ಒಂದೇ ರೀತಿ ಇದೆ.

1960ರಲ್ಲಿ ಜೇನ್ ಗುಡಾಲ್ ಎಂಬ ಯುವತಿ ಟಾಂಜಾನಿಯಾದ ಗೊಂಬೆ ಕಾಡಿಗೆ ಹೋಗಿ ಚಿಂಪಾಂಜಿಗಳ ಅಧ್ಯಯನ ಆರಂಭಿಸಿದರು. ಚಿಂಪಾಂಜಿಯೊಂದು ಹುತ್ತದ ತೂತಿನೊಳಗೆ ಹುಲ್ಲಿನ ಕಡ್ಡಿ ತೂರಿಸಿ, ಅದಕ್ಕೆ ಕಚ್ಚಿಕೊಂಡ ಗೆದ್ದಲುಗಳನ್ನು ತಿನ್ನುವುದನ್ನು ಅವರು ಕಂಡರು. ಉಪಕರಣ ತಯಾರಿಸಿ ಬಳಸುವುದು ಮನುಷ್ಯನಿಗೆ ಮಾತ್ರ ಗೊತ್ತು ಎಂಬ ನಂಬಿಕೆ ಅಂದಿಗೆ ಮುರಿದುಬಿತ್ತು. ಚಿಂಪಾಂಜಿಗಳು ಗುಂಪಿನಲ್ಲಿ ಬಾಳುತ್ತವೆ, ಜಗಳವಾಡಿ ರಾಜಿಯಾಗುತ್ತವೆ, ಪ್ರತಿ ರಾತ್ರಿ ಮರದ ಮೇಲೆ ಕೊಂಬೆ ಬಗ್ಗಿಸಿ ಹಾಸಿಗೆ ಮಾಡಿಕೊಳ್ಳುತ್ತವೆ.

ಹೋಲಿಕೆಯೇ ಕಷ್ಟ ತಂದಿತು

ನಮ್ಮನ್ನು ಇಷ್ಟೊಂದು ಹೋಲುವ ಪ್ರಾಣಿಯ ಮೇಲೆ ಪ್ರಯೋಗ ಮಾಡಿದರೆ, ಅದು ನಮಗೂ ಅನ್ವಯಿಸುತ್ತದೆ ಎಂದು ವಿಜ್ಞಾನಿಗಳು ಯೋಚಿಸಿದರು. ಹೀಗೆ ಚಿಂಪಾಂಜಿ ಪ್ರಯೋಗಾಲಯ ಸೇರಿತು.

ಹ್ಯಾಮ್ ಎಂಬ ಚಿಂಪಾಂಜಿಯ ಹೆಸರು ಕೇಳಿದ್ದೀರಾ? ಆಫ್ರಿಕಾದ ಕ್ಯಾಮರೂನ್ ದೇಶದಲ್ಲಿ ಹುಟ್ಟಿದ ಇವನನ್ನು 1961ರ ಜನವರಿ 31ರಂದು ಅಮೆರಿಕವು ರಾಕೆಟ್‌ನಲ್ಲಿ ಕೂರಿಸಿ ಬಾಹ್ಯಾಕಾಶಕ್ಕೆ ಕಳುಹಿಸಿತು. ದೀಪ ಬೆಳಗಿದಾಗ ಹ್ಯಾಮ್ ಸನ್ನೆಕೋಲನ್ನು ಒತ್ತಬೇಕಿತ್ತು. ತಪ್ಪಿದರೆ ಅಂಗಾಲಿಗೆ ಸಣ್ಣ ವಿದ್ಯುತ್ ಆಘಾತ. ಸುಮಾರು 16 ನಿಮಿಷಗಳ ಆ ಪ್ರಯಾಣದಲ್ಲಿ ಅವನು ಕೆಲಸವನ್ನು ಸರಿಯಾಗಿ ಮಾಡಿ, ಜೀವಂತವಾಗಿ ಸಮುದ್ರಕ್ಕೆ ಇಳಿದ. ಬಾಹ್ಯಾಕಾಶದಲ್ಲಿ ಕೈಕಾಲು, ಬುದ್ಧಿ ಕೆಲಸ ಮಾಡುತ್ತವೆ ಎಂದು ತಿಳಿದದ್ದು ಹೀಗೆ. ಮೂರೇ ತಿಂಗಳ ನಂತರ, ಮೇ ತಿಂಗಳಲ್ಲಿ, ಅಲನ್ ಶೆಪರ್ಡ್ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ನರಾದರು. ಹ್ಯಾಮ್‌ಗೆ ಸಿಕ್ಕಿದ್ದೇನು? ವಾಷಿಂಗ್ಟನ್‌ನ ಮೃಗಾಲಯದಲ್ಲಿ ಸುಮಾರು 17 ವರ್ಷಗಳ ಒಂಟಿ ಬಾಳು! 1980ರಲ್ಲಷ್ಟೇ ಅವನನ್ನು ಬೇರೆ ಮೃಗಾಲಯಕ್ಕೆ ಒಯ್ದು ಇತರ ಚಿಂಪಾಂಜಿಗಳ ಜೊತೆ ಸೇರಿಸಿದರು. 1983ರಲ್ಲಿ ಅವನು ಸತ್ತುಹೋದ.

ಈಗ ಮನೆಯಲ್ಲಿ ನಿಮ್ಮ ತಾಯಿ ಕಾರ್ಡ್ ಇದ್ದರೆ ತೆಗೆದು ನೋಡಿ. ಅದರಲ್ಲಿ ಹೆಪಟೈಟಿಸ್ ಬಿ ಲಸಿಕೆಯ ಹೆಸರಿದೆಯೇ? ಇದು ಯಕೃತ್ತನ್ನು ಹಾಳುಮಾಡುವ ಒಂದು ಬಗೆಯ ಕಾಮಾಲೆ ರೋಗ. ಇದರ ವೈರಸ್ ಇಲಿಗೂ ಮೊಲಕ್ಕೂ ತಗಲುವುದಿಲ್ಲ, ಆದರೆ ಚಿಂಪಾಂಜಿಗೆ ತಗಲುತ್ತದೆ. ಆದ್ದರಿಂದ ಲಸಿಕೆ ಕೆಲಸ ಮಾಡುವುದೇ ಎಂದು ಮೊದಲು ಚಿಂಪಾಂಜಿಗಳಲ್ಲಿ ಪರೀಕ್ಷಿಸಿದರು. ನಾವು ಚುಚ್ಚಿಸಿಕೊಂಡ ಲಸಿಕೆಯ ಹಿಂದೆ ಆ ಪ್ರಾಣಿಗಳ ಋಣವಿದೆ.

ಐದಡಿಯ ಲೋಕ

ಒಂದು ಸೀಮೆಸುಣ್ಣ ತೆಗೆದುಕೊಳ್ಳಿ. ತರಗತಿಯ ನೆಲದ ಮೇಲೆ 5 ಅಡಿ ಉದ್ದ, 5 ಅಡಿ ಅಗಲದ ಚೌಕ ಬರೆಯಿರಿ. ಅದರೊಳಗೆ ಒಬ್ಬರು ನಿಲ್ಲಿ. ಅಮೆರಿಕದ ನಿಯಮದಂತೆ ದೊಡ್ಡ ಚಿಂಪಾಂಜಿಯೊಂದಕ್ಕೆ ಇಷ್ಟು ನೆಲ ಮತ್ತು 7 ಅಡಿ ಎತ್ತರದ ಪಂಜರ ಇದ್ದರೆ ಸಾಕಾಗಿತ್ತು. ನೀವು ಗೆರೆ ದಾಟದೆ ಒಂದು ಪೀರಿಯಡ್ ಅಲ್ಲಿಯೇ ಇರಬಲ್ಲಿರಾ? ಮನುಷ್ಯರ ಆರೈಕೆಯಲ್ಲಿ ಚಿಂಪಾಂಜಿ 50 ವರ್ಷಕ್ಕೂ ಮೇಲೆ ಬದುಕಬಲ್ಲದು ಎಂಬುದನ್ನೂ ನೆನಪಿಡಿ.

ಪ್ರಯೋಗಗಳು ನಿಂತದ್ದು ಹೇಗೆ?

ಏಡ್ಸ್ ರೋಗ ಹರಡಿದಾಗ ಅದರ ಅಧ್ಯಯನಕ್ಕೆಂದು 1986ರಲ್ಲಿ ಅಮೆರಿಕ ಸರ್ಕಾರ ಚಿಂಪಾಂಜಿಗಳ ಸಂಖ್ಯೆ ಹೆಚ್ಚಿಸುವ ಯೋಜನೆ ಆರಂಭಿಸಿತು. ಆದರೆ ಎಚ್‌ಐವಿ ಸೋಂಕು ತಗಲಿದರೂ ಬಹುತೇಕ ಚಿಂಪಾಂಜಿಗಳಿಗೆ ಏಡ್ಸ್ ಬರಲಿಲ್ಲ. ಹೋಲಿಕೆ ಎಷ್ಟೇ ಇದ್ದರೂ ಅವು ನಾವಲ್ಲ ಎಂಬ ಪಾಠ ಇದರಿಂದ ಸಿಕ್ಕಿತು. ಬಳಕೆಗೆ ಬಾರದ ಪ್ರಾಣಿಗಳು ಪಂಜರಗಳಲ್ಲಿ ಉಳಿದವು. ಇವುಗಳ ಮುಂದಿನ ಗತಿ ಏನು?

2000ದ ಡಿಸೆಂಬರ್‌ನಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಸಂಶೋಧನೆಗೆ ಬೇಡವಾದ ಸರ್ಕಾರಿ ಚಿಂಪಾಂಜಿಗಳನ್ನು ಕೊಲ್ಲದೆ, ಸಾಯುವವರೆಗೆ ಆಶ್ರಯಧಾಮದಲ್ಲಿ ಸಾಕಬೇಕು ಎಂಬುದು ಅದರ ಸಾರ. 2011ರಲ್ಲಿ ತಜ್ಞರ ಸಮಿತಿಯೊಂದು, ಚಿಂಪಾಂಜಿಗಳ ಮೇಲಿನ ಹೆಚ್ಚಿನ ವೈದ್ಯಕೀಯ ಪ್ರಯೋಗಗಳ ಅಗತ್ಯವೇ ಇಲ್ಲ ಎಂದು ವರದಿ ಕೊಟ್ಟಿತು. ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಪರೀಕ್ಷಿಸುವಂಥ ಬೇರೆ ವಿಧಾನಗಳು ಅಷ್ಟರಲ್ಲಿ ಬೆಳೆದಿದ್ದವು. 2013ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ತನ್ನ ಹೆಚ್ಚಿನ ಚಿಂಪಾಂಜಿಗಳಿಗೆ ನಿವೃತ್ತಿ ಘೋಷಿಸಿತು. 2015ರಲ್ಲಿ, ಮುಂದಿನ ಪ್ರಯೋಗಕ್ಕೆಂದು ಉಳಿಸಿಕೊಂಡಿದ್ದ 50ಕ್ಕೂ ನಿವೃತ್ತಿ ಎಂದು ತಿಳಿಸಿತು.

ಕಾಡಿಗೇ ಬಿಡಬಹುದಲ್ಲ?

ಇದು ನಿಮ್ಮ ಮನಸ್ಸಿಗೆ ಬಂದ ಪ್ರಶ್ನೆ ಅಲ್ಲವೇ? ಯಾವ ಹಣ್ಣು ತಿನ್ನಬೇಕು, ಯಾವುದು ವಿಷ, ಹಾಸಿಗೆ ಕಟ್ಟುವುದು ಹೇಗೆ ಎಂಬುದನ್ನೆಲ್ಲ ಮರಿಯು ತಾಯಿಯ ಜೊತೆಯಲ್ಲೇ ಇದ್ದು ವರ್ಷಗಟ್ಟಲೆ ಕಲಿಯುತ್ತದೆ. ಪ್ರಯೋಗಾಲಯದಲ್ಲಿ ಹುಟ್ಟಿದ ಚಿಂಪಾಂಜಿಗೆ ಈ ಪಾಠ ಆಗಿಯೇ ಇಲ್ಲ. ಕಾಡಿನ ಚಿಂಪಾಂಜಿಗಳು ಹೊಸಬರ ಮೇಲೆ ಎರಗಿ ಕೊಲ್ಲುವುದೂ ಉಂಟು. ಅಲ್ಲದೆ, ಪ್ರಯೋಗಕ್ಕಾಗಿ ಕೊಟ್ಟ ರೋಗಾಣುಗಳು ಕೆಲವುಗಳ ಮೈಯಲ್ಲಿ ಇನ್ನೂ ಇರಬಹುದು. ಅವು ಕಾಡಿಗೆ ಹರಡಬಾರದಲ್ಲವೇ?

ಆಶ್ರಯಧಾಮದಲ್ಲಿ

ಲೂಸಿಯಾನ ರಾಜ್ಯದ ಶ್ರೀವ್‌ಪೋರ್ಟ್ ನಗರದ ಬಳಿ 200 ಎಕರೆ ಕಾಡಿನಲ್ಲಿ ಚಿಂಪ್ ಹೇವನ್ ಎಂಬ ಧಾಮವಿದೆ. 2005ರಲ್ಲಿ ಇಲ್ಲಿಗೆ ಮೊದಲ ಚಿಂಪಾಂಜಿಗಳು ಬಂದವು. ಚಿಂಪಾಂಜಿಗಳಿಗೆ ಈಜು ಬಾರದು. ಆದ್ದರಿಂದ ಕಾಡಿನಂಥ ಆವರಣಗಳಿಗೆ ನೀರಿನ ಕಂದಕವೇ ಬೇಲಿ! ಫ್ಲಾರಿಡಾದ ಇನ್ನೊಂದು ಧಾಮದಲ್ಲಿ ನೀರಿನ ನಡುವೆ 12 ದ್ವೀಪಗಳನ್ನೇ ಮಾಡಿ ಚಿಂಪಾಂಜಿಗಳನ್ನು ಬಿಟ್ಟಿದ್ದಾರೆ.

ಹೊಸದಾಗಿ ಬಂದ ಚಿಂಪಾಂಜಿಯನ್ನು ನೇರವಾಗಿ ಗುಂಪಿಗೆ ಬಿಡುವುದಿಲ್ಲ. ಮೊದಲು ಜಾಲರಿಯ ಆಚೆ ಈಚೆ ಇಟ್ಟು ನೋಡಲು, ಮೂಸಲು ಬಿಡುತ್ತಾರೆ. ಕೋಪ ತೋರದಿದ್ದರೆ ಒಂದೊಂದನ್ನೇ ಜೊತೆಗೂಡಿಸುತ್ತಾರೆ. ಬಳಿಕ ಗುಂಪನ್ನು ನಿಧಾನವಾಗಿ ದೊಡ್ಡದು ಮಾಡುತ್ತಾರೆ. ಸಿಮೆಂಟ್ ನೆಲ ಬಿಟ್ಟು ಬೇರೇನನ್ನೂ ಮೆಟ್ಟದ ಕೆಲವು ಚಿಂಪಾಂಜಿಗಳು ಹುಲ್ಲಿನ ಮೇಲೆ ಕಾಲಿಡಲೂ ಹಿಂಜರಿಯುತ್ತವೆ. ಗೆಳೆಯರು ಮುಂದೆ ಹೋದದ್ದನ್ನು ಕಂಡು ಮೆಲ್ಲಗೆ ಹಿಂಬಾಲಿಸುತ್ತವೆ.

ಆಹಾರವನ್ನು ಅಲ್ಲಲ್ಲಿ ಚೆಲ್ಲಿ, ಬಚ್ಚಿಟ್ಟು ಹುಡುಕಲು ಬಿಡುತ್ತಾರೆ. ತಿಂಡಿ ತುಂಬಿದ ಕೃತಕ ಹುತ್ತಗಳೂ ಇವೆ. ವಯಸ್ಸಾದವುಗಳಿಗೆ ಕೀಲುನೋವು, ಹೃದ್ರೋಗ, ಸಕ್ಕರೆ ಕಾಯಿಲೆ ಬರುತ್ತವೆ. ಹಣ್ಣಿನ ಆಸೆ ತೋರಿಸಿ, ಜಾಲರಿಯ ಬಳಿ ತಾವಾಗಿಯೇ ತೋಳು ಒಡ್ಡುವಂತೆ ಅಭ್ಯಾಸ ಮಾಡಿಸುತ್ತಾರೆ. ಇಲ್ಲಿ ಬಲವಂತವಿಲ್ಲ.

ನೀವೂ ಮಾಡಿ ನೋಡಿ

ಕಿರಿದಾದ ಬಾಯಿಯ ಬಾಟಲಿಯ ತಳಕ್ಕೆ ಸ್ವಲ್ಪ ಜೋನಿ ಬೆಲ್ಲ ಹಾಕಿ. ಬಾಟಲಿಯನ್ನು ಓರೆ ಮಾಡದೆ ಬೆಲ್ಲ ತೆಗೆಯಬೇಕು. ತೊಳೆದ ತೆಂಗಿನ ಕಡ್ಡಿ ಬಳಸಿ. ಮೊದಲು ಹಾಗೆಯೇ ಅದ್ದಿ ತೆಗೆಯಿರಿ. ಬಳಿಕ ಕಡ್ಡಿಯ ತುದಿಯನ್ನು ಜಜ್ಜಿ ಕುಂಚದಂತೆ ಮಾಡಿ ಅದ್ದಿ. ಯಾವುದಕ್ಕೆ ಹೆಚ್ಚು ಬೆಲ್ಲ ಅಂಟಿತು? ಕಾಂಗೋ ದೇಶದ ಗ್ವಾಲೂಗೊ ಕಾಡಿನ ಚಿಂಪಾಂಜಿಗಳು ಗೆದ್ದಲು ಹಿಡಿಯುವ ಕಡ್ಡಿಯ ತುದಿಯನ್ನು ಹೀಗೆಯೇ ಕುಂಚ ಮಾಡಿಕೊಳ್ಳುತ್ತವೆ!

ಚರ್ಚಿಸಿ

ನ್ಯೂ ಮೆಕ್ಸಿಕೊ ರಾಜ್ಯದ ಅಲಮಗಾರ್ಡೊ ಎಂಬಲ್ಲಿ 44 ಚಿಂಪಾಂಜಿಗಳಿದ್ದವು. ಅವು ಮುದಿಯಾಗಿವೆ, ರೋಗದಿಂದ ಬಳಲಿವೆ, ದೂರದ ಪ್ರಯಾಣ ಅಪಾಯ ಎಂದು 2019ರಲ್ಲಿ ಆರೋಗ್ಯ ಸಂಸ್ಥೆ ಅವನ್ನು ಅಲ್ಲಿಯೇ ಇಡಲು ತೀರ್ಮಾನಿಸಿತು. ಇದು ಕಾನೂನಿಗೆ ವಿರುದ್ಧ ಎಂದು 2022ರಲ್ಲಿ ನ್ಯಾಯಾಲಯ ಹೇಳಿತು. ಪ್ರಯಾಣದಲ್ಲಿ ಜೀವಕ್ಕೆ ಅಪಾಯ. ಅಲ್ಲಿಯೇ ಇದ್ದರೆ ಕಾಡಿನಂಥ ಬಾಳು ಕಾಣದೆ ಸಾಯಬೇಕು. ನೀವು ಪಶುವೈದ್ಯರಾಗಿದ್ದರೆ ಏನು ಹೇಳುತ್ತಿದ್ದಿರಿ? ಎರಡು ಗುಂಪು ಮಾಡಿಕೊಂಡು ವಾದಿಸಿ. ಆಮೇಲೆ ಗುಂಪು ಬದಲಾಯಿಸಿ, ಎದುರು ಪಕ್ಷದ ಮಾತನ್ನು ನೀವು ಆಡಿ ನೋಡಿ. ಕೊನೆಗೆ ನಿಮ್ಮ ತೀರ್ಮಾನವನ್ನು ಕಾರಣಗಳ ಸಹಿತ ನೋಟ್‌ಬುಕ್‌ನಲ್ಲಿ ಬರೆಯಿರಿ.