ಮದುವೆಗೆ ಪ್ರೈಮ್, ಗಗನಚುಕ್ಕಿಗೆ ಕೈಲಿರುವುದೇ ಸಾಕು

ಪ್ರಶ್ನೆ: ಮಳವಳ್ಳಿಯವನು. ಕ್ಯಾನನ್ ಎಪಿಎಸ್-ಸಿ ಕ್ಯಾಮೆರಾ, 18-55 ಕಿಟ್ ಲೆನ್ಸ್ ಇದೆ. ಮದುವೆ ಫೋಟೊ ತೆಗೆಯುತ್ತೇನೆ, ಸುತ್ತಾಟವೂ ಇಷ್ಟ. 10-18 ಜೂಮ್ ಕೊಳ್ಳಲೋ, 24 ಎಂಎಂ ಪ್ರೈಮೋ?

ಉತ್ತರ: ಮೊದಲು 24 ಕೊಳ್ಳಿ. ಛತ್ರದ ಮಂದ ಬೆಳಕಲ್ಲಿ ಕೈ ಹಿಡಿಯುವುದು ಅದೇ. ಅದರ ಎಫ್/2.8 ಅಪರ್ಚರ್, ಆ ಜೂಮ್‌ನ ಎಫ್/5.6ಕ್ಕಿಂತ ನಾಲ್ಕು ಪಟ್ಟು ಬೆಳಕು ಒಳಬಿಡುತ್ತದೆ. ಧಾರೆಯ ಹೊತ್ತಿಗೆ ನೆಂಟರು ಮುತ್ತಿಕೊಂಡಾಗ 10 ಎಂಎಂ ಆಸೆ ಹುಟ್ಟಿಸುತ್ತದೆ, ನಿಜ. ಆದರೆ ಅಂಚಲ್ಲಿ ನಿಂತ ಸೋದರತ್ತೆಯ ಮುಖ ಅಡ್ಡಡ್ಡ ಹಿಗ್ಗುತ್ತದೆ. ಆಲ್ಬಂ ನೋಡಿ ಮೊದಲು ಬೈಯುವವರೂ ಅವರೇ!

ಗಗನಚುಕ್ಕಿಗೆ ವೈಡ್ ಬೇಕೇಬೇಕೆಂಬುದು ಭ್ರಮೆ. ನಿಮ್ಮ ಕಡೆಯ ವೀಕ್ಷಣಾ ಸ್ಥಳದಿಂದ ಜಲಪಾತ ಕಣಿವೆಯಾಚೆ ಇದೆ; 10 ಎಂಎಂನಲ್ಲಿ ತೀರಾ ಚಿಕ್ಕದಾಗುತ್ತದೆ. ಕಿಟ್ ಲೆನ್ಸೇ ಸಾಕು. ಶ್ರೀರಂಗಪಟ್ಟಣದ ಗೋಪುರದ ಬುಡದಲ್ಲಿ ನಿಂತು ಇಡೀ ಗೋಪುರ ಹಿಡಿಯಬೇಕೆಂದರೆ ಮಾತ್ರ 10-18 ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೊರಟರೆ ಎರಡನ್ನೂ ಮನೆಯಲ್ಲಿಡಿ, ಹಕ್ಕಿಗೆ 300 ಎಂಎಂ ಆದರೂ ಬೇಕು.

ದುಡ್ಡು ಕೊಡುವ ಮುನ್ನ ಕಿಟ್ ಲೆನ್ಸನ್ನು 24ಕ್ಕೆ ನಿಲ್ಲಿಸಿ, ಜೂಮ್ ಮುಟ್ಟದೆ ಒಂದು ಆರತಕ್ಷತೆ ತೆಗೆದು ನೋಡಿ. ಒಗ್ಗದಿದ್ದರೆ ಕೊಳ್ಳಬೇಡಿ.