ಹಳೆಯ ಝೂಮ್ ಮಸೂರದ ‘ಮ್ಯಾಕ್ರೋ’

ಕಳೆದ ಮಳೆಗಾಲದ ಕೊನೆಯಲ್ಲಿ, ಬಂಟ್ವಾಳದ ಸಮೀಪ ತೋಟವಿರುವ ನನ್ನ ಸೋದರಮಾವನವರು ಅಡಿಕೆ ಸೋಗೆಯ ಒಂದು ತುಂಡನ್ನು ತಂದು ನಮ್ಮ ಜಗಲಿಯಲ್ಲಿಟ್ಟರು. ಹಸುರು ಗರಿಯ ಮೇಲೆ ಅಲ್ಲಲ್ಲಿ ಕಂದುಬಣ್ಣದ ಚುಕ್ಕೆಗಳು. ಪ್ರತಿಯೊಂದರ ಸುತ್ತಲೂ ತೆಳುವಾದ ಹಳದಿ ಅಂಚು. “ಇದು ಎಲೆಚುಕ್ಕಿಯೋ ಬೇರೆ ಏನಾದರೂ ಉಂಟೋ ಎಂದು ತಿಳಿದವರಿಗೆ ತೋರಿಸಬೇಕು. ನೀನು ಬೆಳಕಿನ ಪಾಠ ಮಾಡುವವನಲ್ಲವೋ ಮಾರಾಯ, ಒಂದು ಸರಿಯಾದ ಪಟ ತೆಗೆದುಕೊಡು” ಎಂದರು. ಅವರ ಮೊಬೈಲಿನಲ್ಲಿದ್ದ ಚಿತ್ರದಲ್ಲಿ ಅಂಗಳದ ಕಲ್ಲುಗಳು ಸ್ಪಷ್ಟವಾಗಿದ್ದುವು. ಚುಕ್ಕೆಗಳು ಮಾತ್ರ ಮಸುಕು. ನನ್ನಲ್ಲಿದ್ದುದು ನಾಲ್ವತ್ತು ವರ್ಷಕ್ಕೂ ಹಳೆಯದಾದ, ಕೈಯಿಂದಲೇ ತಿರುಗಿಸಿ ಹೊಂದಿಸಬೇಕಾದ, 70ರಿಂದ 210 ಮಿಲಿಮೀಟರಿನ ಒಂದು ಝೂಮ್ ಮಸೂರ. ಅದರ ಕೊಳವೆಯ ಮೇಲೆ ಕಿತ್ತಳೆಬಣ್ಣದಲ್ಲಿ ‘ಮ್ಯಾಕ್ರೋ’ ಎಂದು ಕೆತ್ತಿದ್ದರು. ಆ ಮಾತನ್ನು ನಂಬಿ ಹತ್ತು ಹನ್ನೆರಡು ಚಿತ್ರಗಳನ್ನು ತೆಗೆದು, ಪರಿಚಿತರಾದ ಸಸ್ಯರೋಗ ತಜ್ಞರೊಬ್ಬರಿಗೆ ಕಳುಹಿಸಿದೆನು. ಇವುಗಳಿಂದ ಏನನ್ನೂ ಹೇಳಲಾಗದು ಎಂದು ಅವರು ಬರೆದರು. ತಪ್ಪು ಮಸೂರದ್ದಾಗಿರಲಿಲ್ಲ, ಬೆಳಕಿನ ಪಾಠ ಮಾಡುವವನದೇ ಆಗಿತ್ತು. ಆ ತಪ್ಪುಗಳನ್ನು ಬಿಡಿಸಿ ನೋಡಿದರೆ ದ್ಯುತಿಶಾಸ್ತ್ರದ ಕೆಲವು ಮುಖ್ಯ ಸಂಗತಿಗಳು ತಾವಾಗಿಯೇ ತಿಳಿಯುತ್ತವೆ.

ಮೊದಲು ‘ಮ್ಯಾಕ್ರೋ’ ಎಂಬ ಮಾತಿನ ಅರ್ಥವನ್ನು ನೋಡೋಣ. ವಸ್ತು ಎಷ್ಟು ದೊಡ್ಡದೋ ಫಿಲಮಿನ ಮೇಲೆ ಅದರ ಪ್ರತಿಬಿಂಬವೂ ಅಷ್ಟೇ ದೊಡ್ಡದಾಗಿ ಬಿದ್ದರೆ ಅದು 1:1 ವರ್ಧನೆ. ಕಟ್ಟುನಿಟ್ಟಾಗಿ ಹೇಳುವವರು ಇದನ್ನು ಮಾತ್ರ ಮ್ಯಾಕ್ರೋ ಎನ್ನುವರು. ಹಳೆಯ ಝೂಮ್ ಮಸೂರಗಳ ಮ್ಯಾಕ್ರೋ ಇಷ್ಟು ಉದಾರವಲ್ಲ. ಬಹುಪಾಲು ಮಸೂರಗಳದು 1:4ರ ಆಸುಪಾಸಿನಲ್ಲಿ ನಿಲ್ಲುತ್ತದೆ. 35 ಮಿ.ಮೀ. ಫಿಲಮಿನ ಚೌಕಟ್ಟು 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ಆದುದರಿಂದ 1:4 ವರ್ಧನೆಯಲ್ಲಿ 144 ಮಿ.ಮೀ. ಉದ್ದ, 96 ಮಿ.ಮೀ. ಅಗಲದ ಕ್ಷೇತ್ರ, ಎಂದರೆ ಹೆಚ್ಚುಕಡಮೆ ಒಂದು ಅಂಗೈಯಷ್ಟು ಜಾಗ, ಚೌಕಟ್ಟನ್ನು ತುಂಬುವುದು. ಈಗಿನ ಅನೇಕ ಡಿಜಿಟಲ್ ಕ್ಯಾಮೆರಾಗಳ ಸಂವೇದಕ ಇದಕ್ಕಿಂತ ಚಿಕ್ಕದಾಗಿ, ಸುಮಾರು 24 ಮತ್ತು 16 ಮಿ.ಮೀ. ಇರುವುದರಿಂದ, ಅದೇ ಮಸೂರದಿಂದ 96 ಮತ್ತು 64 ಮಿ.ಮೀ. ಕ್ಷೇತ್ರವಷ್ಟೇ ಸಿಕ್ಕುತ್ತದೆ. ಹಳೆಯ ಮಸೂರವನ್ನು ಹೊಸ ಕ್ಯಾಮೆರಾಕ್ಕೆ ಅಡಾಪ್ಟರಿನ ಮೂಲಕ ತೊಡಿಸುವವರಿಗೆ ಇದೊಂದು ಲಾಭವೇ ಸರಿ.

ಹತ್ತಿರದ ವಸ್ತುವಿನ ಸ್ಪಷ್ಟ ಬಿಂಬವನ್ನು ಪಡೆಯಬೇಕಾದರೆ ಮಸೂರವನ್ನು ಫಿಲಮಿನಿಂದ ಮುಂದಕ್ಕೆ ಸರಿಸಬೇಕೆಂಬುದು ಹೈಸ್ಕೂಲಿನ ಸೂತ್ರದಿಂದಲೇ ಗೊತ್ತಾಗುವ ವಿಷಯ. ಎಷ್ಟು ಸರಿಸಬೇಕು? ಸಂಗಮದೂರವನ್ನು ವರ್ಧನೆಯಿಂದ ಗುಣಿಸಿದರೆ ಉತ್ತರ ಬರುತ್ತದೆ. 50 ಮಿ.ಮೀ. ಮಸೂರದಿಂದ 1:4 ಪಡೆಯಲು ಹನ್ನೆರಡೂವರೆ ಮಿ.ಮೀ. ಸಾಕು. 200 ಮಿ.ಮೀ. ಮಸೂರಕ್ಕಾದರೋ 50 ಮಿ.ಮೀ. ಬೇಕು. ಮೊದಲೇ ಉದ್ದವಾದ ಕೊಳವೆಯನ್ನು ಮತ್ತೆ ಎರಡು ಅಂಗುಲ ಹೊರಕ್ಕೆ ಎಳೆಯುವಂತೆ ತಿರುಪು ಕೊರೆಯುವುದು ತಯಾರಕರಿಗೆ ಅನುಕೂಲವಾಗಿರಲಿಲ್ಲ. 1959ರಲ್ಲಿ ಫೋಕ್ಟ್‌ಲೆಂಡರ್ ಸಂಸ್ಥೆ ಹೊರತಂದ 36–82 ಮಿ.ಮೀ.ಯ ‘ಝೂಮರ್’, ಸ್ಥಿರಚಿತ್ರದ 35 ಮಿ.ಮೀ. ಕ್ಯಾಮೆರಾಗಳ ಮೊದಲ ಝೂಮ್ ಮಸೂರ. ಒಂದು ಮೀಟರಿಗಿಂತ ಹತ್ತಿರದ ವಸ್ತು ಅದಕ್ಕೆ ದಕ್ಕುತ್ತಿರಲಿಲ್ಲ.

1970ರ ದಶಕದಲ್ಲಿ ಬೇರೊಂದು ಉಪಾಯ ಬಳಕೆಗೆ ಬಂತು. ಝೂಮ್ ಮಸೂರವೆಂಬುದು ಒಂದೇ ಗಾಜಲ್ಲ. ನಾಲ್ಕು ಗುಂಪುಗಳ ಒಂದು ಸಂಸಾರ. ಮುಂದಿನ ಗುಂಪು ದೂರಕ್ಕೆ ಹೊಂದಿಸುತ್ತದೆ. ಎರಡನೆಯದು ಹಿಂದುಮುಂದಾಗಿ ಸಂಗಮದೂರವನ್ನು ಬದಲಿಸುತ್ತದೆ. ಮೂರನೆಯದು ಬಿಂಬ ಆ ಚಲನೆಯಿಂದ ಕದಲದಂತೆ ಸರಿದೂಗಿಸುತ್ತದೆ. ಕೊನೆಯದು ಬಿಂಬವನ್ನು ಫಿಲಮಿಗೆ ಮುಟ್ಟಿಸುತ್ತದೆ. ಸಾಮಾನ್ಯವಾಗಿ ಇವೆಲ್ಲ ಗೊತ್ತಾದ ಜಾಡಿನಲ್ಲಿ ಒಂದಕ್ಕೊಂದು ಹೊಂದಿಕೊಂಡು ನಡೆಯುತ್ತವೆ. ಮ್ಯಾಕ್ರೋ ಗುಂಡಿಯನ್ನು ಒತ್ತಿ ಬಳೆಯನ್ನು ಎಲ್ಲೆಗೆರೆಯಿಂದಾಚೆ ತಿರುಗಿಸಿದಾಗ, ಒಳಗಿನ ಯಾವುದೋ ಒಂದು ಗುಂಪು ಈ ಜಾಡನ್ನು ಬಿಟ್ಟು ಸರಿಯುತ್ತದೆ. ಹೊರಗಿನ ಕೊಳವೆ ಹೆಚ್ಚು ಉದ್ದವಾಗದೆಯೇ ಹತ್ತಿರದ ವಸ್ತುವಿನ ಬಿಂಬ ಫಿಲಮಿನ ಮೇಲೆ ನಿಲ್ಲುತ್ತದೆ. ಆದರೆ ಜಾಡು ಬಿಟ್ಟುದಕ್ಕೆ ದಂಡ ತೆರಬೇಕು. ದೂರದ ಬೆಟ್ಟ ಆಗ ಸ್ಪಷ್ಟವಾಗದು; ಸಂಗಮದೂರವನ್ನು ಬದಲಿಸಿದರೆ ಸ್ಪಷ್ಟತೆಯೂ ಕದಲುವುದು; ಬಿಂಬದ ಮೂಲೆಗಳು ನಡುವಿನಷ್ಟು ಚೊಕ್ಕಟವಾಗಿರವು. ಅನೇಕ ಮಸೂರಗಳಲ್ಲಿ ಝೂಮಿನ ಬಳೆಯೇ ಆಗ ಹೊಂದಾಣಿಕೆಯ ಬಳೆಯಾಗುತ್ತದೆ. ಇದನ್ನರಿಯದವರು ಮಸೂರ ಕೆಟ್ಟಿತೆಂದು ತಿಳಿಯುವುದುಂಟು.

ಹೊಂದಿಸುವ ಕ್ರಮವೂ ಬೇರೆ. ದೂರದ ಚಿತ್ರಗಳಲ್ಲಿ ನಾವು ನಿಂತಲ್ಲೇ ನಿಂತು ಬಳೆಯನ್ನು ತಿರುಗಿಸುತ್ತೇವೆ. ಇಲ್ಲಿ ಬಳೆಯನ್ನು ಬೇಕಾದ ವರ್ಧನೆಗೆ ಮೊದಲೇ ನಿಲ್ಲಿಸಿಕೊಂಡು, ಕ್ಯಾಮೆರಾವನ್ನೇ ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಸರಿಸಿ, ಬೇಕಾದ ಭಾಗ ಚೊಕ್ಕಟವಾದೊಡನೆ ಷಟರನ್ನು ಒತ್ತಬೇಕು. ಬಳೆಯನ್ನು ತಿರುಗಿಸುತ್ತ ಹೋದರೆ ವರ್ಧನೆಯೂ ಬದಲಾಗುತ್ತ ಹೋಗಿ ಕೆಲಸ ಮುಗಿಯುವುದೇ ಇಲ್ಲ.

ಈಗ ನನ್ನ ಮೊದಲ ತಪ್ಪಿಗೆ ಬರೋಣ. ಮೋಡದ ದಿನ, ಬೆಳಕು ಸಾಲದೆಂದು ಮಸೂರದ ದ್ವಾರವನ್ನು ಪೂರ್ತಿ ತೆರೆದು ಎಫ್/4ರಲ್ಲಿ ಚಿತ್ರ ತೆಗೆದಿದ್ದೆ. ಫಿಲಮಿನ ಮೇಲೆ 0.03 ಮಿ.ಮೀ. ವ್ಯಾಸದವರೆಗಿನ ಮಸುಕನ್ನು ಸ್ಪಷ್ಟವೆಂದೇ ಒಪ್ಪಿಕೊಳ್ಳುವುದು ವಾಡಿಕೆ. ಆ ಲೆಕ್ಕದಲ್ಲಿ 1:4 ವರ್ಧನೆಗೆ ಎಫ್/4ರಲ್ಲಿ ಸ್ಪಷ್ಟತೆಯ ಆಳ 4.8 ಮಿ.ಮೀ. ಮಾತ್ರ. ಸೋಗೆಯ ಗರಿ ಸಮತಟ್ಟಲ್ಲ. ನಡುವೆ ಮಡಿಕೆಯಿದ್ದು ಬಾಗಿರುತ್ತದೆ. ನಾನಾದರೋ ಅದನ್ನು ಓರೆಯಾಗಿ ನೋಡಿದ್ದೆ. ಒಂದು ತುದಿ ಇನ್ನೊಂದಕ್ಕಿಂತ ಎರಡು ಸೆಂಟಿಮೀಟರು ಹಿಂದಿದ್ದರೆ ಮೂರು ಪಾಲು ಗರಿ ಮಸುಕಾಗದೆ ಮತ್ತೇನಾದೀತು? ಎಫ್/8ರಲ್ಲಿ ಈ ಆಳ 9.6 ಮಿ.ಮೀ., ಎಫ್/16ರಲ್ಲಿ 19.2 ಮಿ.ಮೀ. ಹಾಗಾದರೆ ದ್ವಾರವನ್ನು ಇನ್ನೂ ಕಿರಿದು ಮಾಡಬಾರದೇಕೆ ಎನ್ನಬಹುದು. ಕಿರಿದಾದ ದ್ವಾರದಲ್ಲಿ ಬೆಳಕಿನ ಅಲೆಗಳು ವಿವರ್ತನೆಗೊಂಡು, ಬಿಂದುವೊಂದರ ಬಿಂಬ ಪುಟ್ಟ ತಟ್ಟೆಯಾಗುತ್ತದೆ. ಹಸುರು ಬೆಳಕಿಗೆ ಎಫ್/8ರಲ್ಲಿ ಈ ತಟ್ಟೆಯ ವ್ಯಾಸ ಸುಮಾರು 0.013 ಮಿ.ಮೀ.; ಎಫ್/22ರಲ್ಲಿ 0.037 ಮಿ.ಮೀ., ಎಂದರೆ ನಾವು ಒಪ್ಪಿಕೊಂಡ ಮಿತಿಯನ್ನೇ ಮೀರಿದುದು. ಎಫ್/8ರಿಂದ ಎಫ್/11ರ ನಡುವೆ ನಿಲ್ಲುವುದು ಮೇಲೆಂದು ನನ್ನ ಅನುಭವ. ಗರಿಯನ್ನು ರಟ್ಟಿನ ಮೇಲೆ ಚಪ್ಪಟೆಯಾಗಿ ಹರಡಿ, ಕ್ಯಾಮೆರಾದ ಬೆನ್ನು ಅದಕ್ಕೆ ಸಮಾಂತರವಾಗಿರುವಂತೆ ಮೇಲಿನಿಂದ ನಿಲ್ಲಿಸಿದರೆ ಆಳದ ಗೋಜೇ ಇರದು.

ಎರಡನೆಯ ತಪ್ಪು ಕೈ ಮತ್ತು ಗಾಳಿಗೆ ಸೇರಿದ್ದು. ಗಿಡದಲ್ಲಿರುವ ಎಲೆ ಸೆಕೆಂಡಿಗೆ ಬರಿಯ 20 ಮಿ.ಮೀ. ವೇಗದಿಂದ ತೂಗಿದರೂ, 1/125 ಸೆಕೆಂಡಿನಲ್ಲಿ 0.16 ಮಿ.ಮೀ. ಸರಿಯುವುದು. ಫಿಲಮಿನ ಮೇಲೆ ಇದು 0.04 ಮಿ.ಮೀ.; ಚಿತ್ರ ಕೆಡಲು ಇಷ್ಟೇ ಸಾಕು. ಮುಕ್ಕಾಲಿಯಿಂದ ನಮ್ಮ ಕೈಯ ಕಂಪನ ನಿಂತೀತು, ಎಲೆಯದು ನಿಲ್ಲದು. ನಮ್ಮ ಸೀಮೆಯಲ್ಲಿ ಬೆಳಗಿನ ಎಂಟು ಗಂಟೆಯೊಳಗೆ ಗಾಳಿ ಕಡಮೆ. ಆ ಹೊತ್ತಿನಲ್ಲಿ ಚಿಟ್ಟೆಗಳೂ ಮೈಕಾಯಿಸಿಕೊಳ್ಳುತ್ತ ಕುಳಿತಿರುತ್ತವೆ.

ಚಿಟ್ಟೆಯ ಮಾತು ಬಂದುದರಿಂದ ಒಂದು ಹೋಲಿಕೆ. ಮೂಡುಬಿದಿರೆಯ ಬಳಿಯ ಬೆಳುವಾಯಿಯಲ್ಲಿ ಚಿಟ್ಟೆಗಳಿಗೆಂದೇ ಬೆಳೆಸಿದ ಉದ್ಯಾನವಿದೆ. ಬೆಳ್ತಂಗಡಿಯ ಕಡೆ ಚಾರ್ಮಾಡಿಯ ತಪ್ಪಲಿಗೆ ಹೋದರೆ ಉದ್ಯಾನವೇ ಬೇಡ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿದರೆ 140ರಿಂದ 190 ಮಿ.ಮೀ. ಅಗಲ. 1:4ರ ಚೌಕಟ್ಟಿನಲ್ಲಿ ಅದು ಹಿಡಿಸುವುದೇ ಕಷ್ಟ. ನೆಲಕ್ಕಂಟಿದ ಹುಲ್ಲಿನಲ್ಲಿ ಹಾರುವ ಗ್ರಾಸ್ ಜ್ಯುವೆಲ್ ಎಂಬುದಕ್ಕೆ ರೆಕ್ಕೆಯ ಹರವು ಸುಮಾರು 20 ಮಿ.ಮೀ.; ಅದರ ಬಿಂಬ ಫಿಲಮಿನ ಮೇಲೆ ಐದೇ ಮಿ.ಮೀ. ಒಂದೇ ಮಸೂರ ಒಂದಕ್ಕೆ ಹೆಚ್ಚಾಯಿತು, ಇನ್ನೊಂದಕ್ಕೆ ಸಾಲದಾಯಿತು. ಕಲ್ಲಿನ ಕೆತ್ತನೆಗಳಿಗೆ ಮಾತ್ರ ಈ ವರ್ಧನೆ ಹೇಳಿ ಮಾಡಿಸಿದಂತಿದೆ. 1430ರಲ್ಲಿ ಕಟ್ಟಿಸಿದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಂಬಗಳ ಮೇಲಿನ ಅಂಗೈಯಗಲದ ಉಬ್ಬುಶಿಲ್ಪಗಳನ್ನು ನೋಡಿದವರಿಗೆ ನನ್ನ ಮಾತು ಅರ್ಥವಾದೀತು. ಕಲ್ಲು ಗಾಳಿಗೆ ಅಲುಗದೆಂಬುದು ಇನ್ನೊಂದು ಸೌಕರ್ಯ.

ಚಿಕ್ಕ ವಸ್ತುಗಳಿಗೆ ಇನ್ನಷ್ಟು ವರ್ಧನೆ ಬೇಕಾದವರು ಸಾಮಾನ್ಯವಾಗಿ ಮಸೂರದ ಹಿಂದೆ ಖಾಲಿ ಕೊಳವೆಯನ್ನು ಸೇರಿಸುವರು. 50 ಮಿ.ಮೀ. ಮಸೂರಕ್ಕೆ 25 ಮಿ.ಮೀ. ಕೊಳವೆ ಸೇರಿಸಿದರೆ ಅರ್ಧ ಪಾಲು ವರ್ಧನೆ ಸಿಕ್ಕುತ್ತದೆ. 200ಕ್ಕೆ ಸೇರಿಸಿದರೆ ಎಂಟನೆಯ ಒಂದು ಪಾಲು. ಉದ್ದ ಝೂಮಿಗೆ ಇದಕ್ಕಿಂತ ಒಳ್ಳೆಯ ದಾರಿ ಮುಂದೆ ಒಂದು ಪೀನಮಸೂರವನ್ನು ತಿರುಪುವುದು. ಎರಡು ಡಯಾಪ್ಟರಿನ ಗಾಜಿಗೆ ಸಂಗಮದೂರ 500 ಮಿ.ಮೀ. ಝೂಮನ್ನು ಮ್ಯಾಕ್ರೋದಲ್ಲಿಡದೆ, ಅನಂತ ದೂರಕ್ಕೆ ಹೊಂದಿಸಿ, ಈ ಗಾಜಿನಿಂದ ಅರ್ಧ ಮೀಟರು ದೂರದಲ್ಲಿ ವಸ್ತುವನ್ನಿಟ್ಟರೆ ವರ್ಧನೆ 200/500, ಎಂದರೆ 1:2.5. ಮಸೂರದ ಸ್ವಂತ ಮ್ಯಾಕ್ರೋವನ್ನು ಇದು ಮೀರಿಸಿತು! ಝೂಮನ್ನು 70ಕ್ಕೆ ತಂದರೆ ವರ್ಧನೆ 0.14ಕ್ಕೆ ಇಳಿಯುತ್ತದೆ; ಒಳಗಿನ ಗುಂಪುಗಳು ತಮ್ಮ ಜಾಡಿನಲ್ಲೇ ಇರುವುದರಿಂದ ಸ್ಪಷ್ಟತೆ ಕದಲುವುದಿಲ್ಲ. ಒಂಟಿ ಗಾಜು ಅಂಚುಗಳಲ್ಲಿ ಬಣ್ಣ ಚೆಲ್ಲುತ್ತದೆ. ಎರಡು ಗಾಜು ಅಂಟಿಸಿ ವರ್ಣದೋಷ ತೆಗೆದುದನ್ನೇ ಕೊಳ್ಳಬೇಕು.

ಇಂಥ ಮಸೂರಗಳಿಗೆ ನಮ್ಮ ಜಿಲ್ಲೆಯಲ್ಲಿ ಒಬ್ಬ ಶತ್ರುವಿದ್ದಾನೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಆಟಿ ತಿಂಗಳ ಕತ್ತಲೆಕೋಣೆಯಲ್ಲಿಟ್ಟ ಮಸೂರದೊಳಗೆ ಬೂಷ್ಟು ಜೇಡರ ಬಲೆಯಂತೆ ಹಬ್ಬುತ್ತದೆ. ಅದು ಹೊರಸೂಸುವ ಆಮ್ಲ ಗಾಜಿನ ಲೇಪವನ್ನು ತಿನ್ನುತ್ತದೆ. ಆಮೇಲೆ ಒರಸಿದರೂ ಗುರುತು ಹೋಗದು. ನನ್ನ ಮೊದಲ ಮಸೂರ ಹೀಗೆಯೇ ಹಾಳಾಯಿತು. ಅದರೊಂದಿಗೆ ಬಂದ ಚರ್ಮದ ಚೀಲದಲ್ಲೇ ಅದನ್ನು ಜೋಪಾನವಾಗಿಟ್ಟಿದ್ದೆ! ಚರ್ಮ ತೇವವನ್ನು ಹೀರಿ ಹಿಡಿದಿಡುವುದರಿಂದ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಒಂದು ಹಿಡಿ ಸಿಲಿಕಾ ಜೆಲ್, ಇಷ್ಟು ಸಾಕು. ಹರಳಿನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಹದವಾಗಿ ಹುರಿದು ಮತ್ತೆ ಬಳಸಬಹುದು. ಆ ಬಾಣಲೆಯನ್ನು ಮಾತ್ರ ಅಡುಗೆಗೆ ಹಿಂದಿರುಗಿಸಬಾರದು. ಹಳೆಯ ಮಸೂರವನ್ನು ಕೊಳ್ಳುವವರು ದ್ವಾರವನ್ನು ಪೂರ್ತಿ ತೆರೆದು, ಒಂದು ಕಡೆಯಿಂದ ಟಾರ್ಚು ಹಾಯಿಸಿ, ಮತ್ತೊಂದು ಕಡೆಯಿಂದ ಓರೆಯಾಗಿ ನೋಡಿದರೆ ಬೂಷ್ಟು ಅಡಗಿರಲಾರದು.

ಸೋಗೆಯ ಕಥೆ ಉಳಿಯಿತು. ಮರುದಿನ ಬೆಳಗ್ಗೆ ಗರಿಯನ್ನು ರಟ್ಟಿಗೆ ಪಿನ್ನು ಚುಚ್ಚಿ, ಪಕ್ಕದಲ್ಲಿ ಮಿಲಿಮೀಟರಿನ ಅಳತೆಪಟ್ಟಿಯನ್ನಿಟ್ಟು, ಎಫ್/11ರಲ್ಲಿ ಮುಕ್ಕಾಲಿಯ ಮೇಲಿನಿಂದ ಮತ್ತೆ ಚಿತ್ರ ತೆಗೆದೆನು. 36 ಮಿ.ಮೀ.ಗೆ 6000 ಬಿಂದುಗಳಿರುವ ಸಂವೇದಕದಲ್ಲಿ 1:4ರ ವರ್ಧನೆಗೆ ಮೂರು ಮಿ.ಮೀ. ಚುಕ್ಕೆ 125 ಬಿಂದುಗಳಷ್ಟು ಅಗಲವಾಗಿ ಬೀಳುವುದು. ಅಂಚಿನ ಹಳದಿಯನ್ನೂ ನಡುವಿನ ಕಂದನ್ನೂ ಬಿಡಿಸಿ ನೋಡಲು ಅಷ್ಟು ಸಾಕಾಯಿತು. ಮಿಲಿಮೀಟರಿನ ಮೂರನೆಯ ಒಂದು ಪಾಲಿನ ನುಸಿಯಾಗಿದ್ದರೆ ಹದಿನಾಲ್ಕೇ ಬಿಂದು. ಅದರ ಗುರುತು ಹತ್ತುತ್ತಿರಲಿಲ್ಲ. ಈ ಸಲ ತಜ್ಞರ ಉತ್ತರ ಬೇರೆಯಿತ್ತು: ಎಲೆಚುಕ್ಕಿ ರೋಗವೆಂದೇ ಕಾಣುತ್ತದೆ, ಆದರೆ ಶಿಲೀಂಧ್ರವನ್ನು ಬೆಳೆಸಿ ನೋಡದೆ ಖಂಡಿತವಾಗಿ ಹೇಳಲಾಗದು, ಎಲೆಯನ್ನೇ ಕಳುಹಿಸಿರಿ ಎಂದು. ಅಡಿಕೆಯ ಸಂಶೋಧನೆಗೆಂದು 1956ರಲ್ಲಿ ಆರಂಭವಾದ ಕೇಂದ್ರ ಬಂಟ್ವಾಳ ತಾಲೂಕಿನ ವಿಟ್ಲದಲ್ಲೇ ಇದೆ. ಮಾವನವರು ಮೂರು ಗರಿಗಳನ್ನು ಪ್ಲಾಸ್ಟಿಕ್ಕಿನಲ್ಲಲ್ಲದೆ ಕಾಗದದಲ್ಲಿ ಸುತ್ತಿ, ನನ್ನ ಚಿತ್ರದ ಪ್ರತಿಯನ್ನೂ ಜತೆಗಿಟ್ಟುಕೊಂಡು, ಮಧ್ಯಾಹ್ನದ ಬಸ್ಸಿಗೆ ಹೊರಟರು.