ಕೊರೆಯುವ ಕಬ್ಬಿಣವನ್ನು ಬಿಗಿಹಿಡಿಯುವ ಸಾಧನಗಳು: ಮನೆಯ ಕೊಟ್ಟಿಗೆಯಲ್ಲಿಯೇ ಮಾಡಿಕೊಳ್ಳುವ ಬಗೆ

ಕಂಪ್ಲಿ ಹೊಸಪೇಟೆ ಸೀಮೆಯ ಆಲೆಮನೆಗಳಲ್ಲಿ ಕಬ್ಬನ್ನು ಕಡಿದು ರಾಶಿ ಹಾಕಿದ ಮೇಲೆಯೇ ಗಾಣದ ಕೀಲು ಮುರಿಯುವುದುಂಟು. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ರಸ ಕೆಟ್ಟು, ಬೆಲ್ಲ ಗಟ್ಟಿಯಾಗಿ ಕೂಡದು. ಆದುದರಿಂದ ಅನುಕೂಲವುಳ್ಳ ರೈತರು ಮನೆಯ ಕೊಟ್ಟಿಗೆಯಲ್ಲಿ ಒಂದು ವೈಸನ್ನೂ ಡ್ರಿಲ್ ಯಂತ್ರವನ್ನೂ ಇಟ್ಟುಕೊಳ್ಳುವುದು ಮೆಚ್ಚತಕ್ಕ ವಿಷಯವೇ ಸರಿ. ಆದರೆ ಕೊರೆಯುವ ಯಂತ್ರಕ್ಕೆ ಹಣ ತೆತ್ತವರು ಕಬ್ಬಿಣವನ್ನು ಹಿಡಿಯುವ ಸಾಧನಕ್ಕೆ ಕೈಯನ್ನೇ ನೆಚ್ಚುತ್ತಾರೆ. ಬೈರಿಗೆಯ ತುದಿ ತಗಡಿನ ಅಡಿಗೆ ಹೊರಬೀಳುವ ಗಳಿಗೆಯಲ್ಲಿ ಅದು ತಗಡನ್ನು ಕಚ್ಚಿ ತನ್ನೊಡನೆ ತಿರುಗಿಸುತ್ತದೆ. ಬೆರಳು ಹೋಗುವುದು ಆಗಲೇ.

ಮೊದಲು ಬೇಕಾದುದು ಅದುಮುಪಟ್ಟಿ. ಅರ್ಧ ಅಂಗುಲ ದಪ್ಪ, ಒಂದೂವರೆ ಅಂಗುಲ ಅಗಲ, ಆರು ಅಂಗುಲ ಉದ್ದದ ಕಬ್ಬಿಣದ ಪಟ್ಟಿಯ ನಡುವೆ ಸಾಲಾಗಿ ರಂಧ್ರಗಳನ್ನು ಕೊರೆದು, ಅರದಿಂದ ಉಜ್ಜಿ ಒಂದೇ ಸೀಳಾಗಿ ಮಾಡಬೇಕು. ಬೋಲ್ಟು ಈ ಸೀಳಿನ ಮೂಲಕ ಯಂತ್ರದ ಮೇಜಿಗೆ ಇಳಿಯುತ್ತದೆ. ಪಟ್ಟಿಯ ಒಂದು ತುದಿ ಕೆಲಸದ ಮೇಲೂ, ಮತ್ತೊಂದು ತುದಿ ಅಷ್ಟೇ ಎತ್ತರದ ಅಥವಾ ಕೂದಲೆಳೆಯಷ್ಟು ಹೆಚ್ಚಿನ ದಿಮ್ಮಿಯ ಮೇಲೂ ಕೂರತಕ್ಕದ್ದು. ದಿಮ್ಮಿ ತಗ್ಗಾದರೆ ಪಟ್ಟಿ ಓರೆಯಾಗಿ ಕೆಲಸವನ್ನು ಜಾರಿಸುವುದು. ಬೋಲ್ಟು ಕೆಲಸದ ಸಮೀಪದಲ್ಲಿರಬೇಕೆಂಬುದನ್ನು ಮರೆಯಬಾರದು. ಕೆಲಸಕ್ಕೆ 1 ಅಂಗುಲ, ದಿಮ್ಮಿಗೆ 2 ಅಂಗುಲ ದೂರದಲ್ಲಿ ಬೋಲ್ಟಿದ್ದರೆ ಬಿಗಿತದ ಮೂರರಲ್ಲಿ ಎರಡು ಪಾಲು ಕೆಲಸದ ಮೇಲೆ ಬೀಳುವುದು. ಅದನ್ನೇ ತಿರುಗುಮುರುಗು ಮಾಡಿದರೆ ಎರಡು ಪಾಲು ಸುಮ್ಮನೆ ದಿಮ್ಮಿಯನ್ನು ಅದುಮುವುದು. ನಟ್ಟನ್ನು ಎಷ್ಟು ತಿರುವಿದರೂ ಕೆಲಸ ಅಲುಗುತ್ತದೆಂದು ದೂರುವವರು ಈ ಅಳತೆಯನ್ನು ನೋಡಿಕೊಳ್ಳಲಿ.

ಪಂಪಿನ ಅಚ್ಚಿನಂಥ ದುಂಡು ಕಬ್ಬಿಣ ಸಮತಟ್ಟಿನ ಮೇಲೆ ಉರುಳುತ್ತದೆ. ಅದಕ್ಕೆ ಕರಿಜಾಲಿಯ ಒಣಗಿದ ತುಂಡೊಂದರ ಮೇಲೆ ಉದ್ದಕ್ಕೂ, ಎರಡು ಕಡೆಯಿಂದ ಓರೆಯಾಗಿ ಕೊಯ್ದು, ತಳದಲ್ಲಿ ಮೂಲೆಮಟ್ಟಕ್ಕೆ ಸರಿಯಾಗುವ ತೋಡನ್ನು ಮಾಡಿಕೊಳ್ಳಬೇಕು. ತೋಡಾದ ಮೇಲೆ ಆ ತುಂಡನ್ನು ಅಡ್ಡಲಾಗಿ ಎರಡಾಗಿ ಕತ್ತರಿಸಿದರೆ ಸಮನಾದ ಜೋಡಿ ಸಿಕ್ಕುತ್ತದೆ. ಬೇರೆ ಬೇರೆಯಾಗಿ ತೋಡಿದವು ಒಂದೇ ಎತ್ತರಕ್ಕೆ ಬರುವುದು ದುರ್ಲಭ.

ತೆಳು ತಗಡಿನ ಕೆಳಗೆ ಮರದ ಹಲಗೆಯನ್ನಿಟ್ಟು ಎರಡನ್ನೂ ಕೂಡಿಸಿ ಬಿಗಿಯಬೇಕು. ಉದ್ದ ಪಟ್ಟಿಯಾದರೆ ಅದರ ನೀಳ ತುದಿಯನ್ನು ಎಡಕ್ಕೆ ಚಾಚಿ, ಆ ತುದಿಯ ಹಿಂಬದಿಗೆ ಮೇಜಿನಲ್ಲೊಂದು ಗೂಟವನ್ನು ನಿಲ್ಲಿಸಬೇಕು. ಬೈರಿಗೆ ಬಲಸುತ್ತಾಗಿ ತಿರುಗುವುದರಿಂದ ಕಚ್ಚಿದರೂ ಪಟ್ಟಿ ಗೂಟಕ್ಕೆ ತಗುಲಿ ನಿಲ್ಲುವುದೇ ಹೊರತು ಆಳಿನ ಹೊಟ್ಟೆಯ ಕಡೆಗೆ ಬೀಸದು.

ಹಂಪೆಯ ಬಂಡೆಗಳ ಮೇಲೆ ಸಾಲಾಗಿ ಕಾಣುವ ಕುಳಿಗಳು ಕಲ್ಲು ಸೀಳಲು ಬೆಣೆ ಬಡಿದ ಗುರುತುಗಳು. ಸೀಳಬಲ್ಲ ಬೆಣೆ ಹಿಡಿಯಲೂ ಬಲ್ಲುದು: 8 ಅಂಗುಲಕ್ಕೆ 1 ಅಂಗುಲ ಇಳಿಜಾರುಳ್ಳ ಮರದ ಬೆಣೆಯನ್ನು ಎರಡು ಗೂಟಗಳ ನಡುವೆ ಬಡಿದರೆ ಹಲಗೆ ಕದಲದು. ಇಳಿಜಾರು ಬಹಳ ಹೆಚ್ಚಿದರೆ ಬೆಣೆ ತಾನೇ ಹಿಂದಕ್ಕೆ ಸರಿಯುವುದು.

ವೈಸಿನ ದವಡೆಗಳಿಗೆ ತಾಮ್ರದ ತಗಡನ್ನು ಮಡಿಸಿ ತೊಡಿಸಿದರೆ ಮರೆಗಳಿಗೆ ಗಾಯವಾಗುವುದಿಲ್ಲ. ಪಂಚೆಯ ಸೆರಗಾಗಲಿ, ಹೆಗಲ ವಸ್ತ್ರವಾಗಲಿ, ಕೈಚೀಲವಾಗಲಿ ತಿರುಗುವ ಬೈರಿಗೆಯ ಬಳಿ ಇರಕೂಡದು. ಸಂಡೂರಿನ ಅದಿರುದಾರಿಗಳ ಬದಿಯ ಊರುಗಳವರು ಕೆಂಪು ಧೂಳು ವೈಸಿನ ತಿರುಪಿಗೆ ಸೇರದಂತೆ ಕೆಲಸ ಮುಗಿದೊಡನೆ ಒರಸಿ, ಎಣ್ಣೆ ಸವರಿ, ಗೋಣಿಯನ್ನು ಹೊದಿಸತಕ್ಕದ್ದು.